ಅಧ್ಯಕ್ಷರ ಬಾಯಿ ಮೂಸುವವರು

ರಾಜಕಾರಣಿಗಳನ್ನು ಹೇಳದೆ ಕೇಳದೆ ಹಿಡಿದು ಅಮಲು ಪರೀಕ್ಷೆ ಮಾಡಬೇಕೋ ಬೇಡವೋ ಎಂದು ಮೊನ್ನೆ ಟೀವಿಯಲ್ಲಿ ನಾಲ್ಕು ಜನ ಕೂತು ಕೂಗಾಡುತ್ತಿದ್ದರು. ಒಬ್ಬರು ಮೂತ್ರ ಎಂದರು, ಇನ್ನೊಬ್ಬರು ರಕ್ತ ಎಂದರು, ಮೂರನೆಯವರು ಮಾನ ಎಂದರು. ಇದೆಲ್ಲ ನಮ್ಮ ದೇಶದಲ್ಲಿ ಆಗುವ ಮಾತೇ ಅಲ್ಲ ಎಂದು ನಾಲ್ಕನೆಯವರು ಮೇಜು ಕುಟ್ಟಿದರು. ನಾನು ರವಿಕೆಗೆ ಕೊಕ್ಕೆ ಹಚ್ಚುತ್ತ ಕೇಳುತ್ತಿದ್ದೆ. ನಮ್ಮ ಮನೆಯಲ್ಲಿ ಅದು ಒಂದು ಪಂಚಾಯತ್ ಅವಧಿ ಪೂರ್ತಿ ಜಾರಿಯಲ್ಲಿತ್ತು. ಮೂತ್ರವೂ ಬೇಕಾಗಲಿಲ್ಲ, ರಕ್ತವೂ ಬೇಕಾಗಲಿಲ್ಲ. ಮಾನ ಮಾತ್ರ ಸ್ವಲ್ಪ ಖರ್ಚಾಯಿತು.

ಹೊನ್ನಾವರದಿಂದ ಭಟ್ಕಳಕ್ಕೆ ಹೋಗುವ ಹೆದ್ದಾರಿಯನ್ನು ಬಿಟ್ಟು ಸಮುದ್ರದ ಕಡೆಗೆ ಇಳಿದರೆ ನಮ್ಮ ಊರು. ನಾನು ಮನೆಯ ಜಗಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ನಮ್ಮ ಮನೆಯವರು ದಕ್ಕೆಯಲ್ಲಿ, ಎಂದರೆ ದೋಣಿಗಳು ಬಂದು ಮೀನು ಇಳಿಸುವ ಕಟ್ಟೆಯಲ್ಲಿ, ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದರು. ಅವರ ಕೈಗುಣ ಚೆನ್ನಾಗಿತ್ತು. ಸತ್ತ ಇಂಜಿನ್ನೂ ಅವರು ಮುಟ್ಟಿದರೆ ಒಮ್ಮೆ ಕೆಮ್ಮುತ್ತಿತ್ತು.

ಮೊದಲು ಅವರು ಕುಡಿಯುತ್ತಿದ್ದರು. ಸುಮ್ಮನೆ ಕುಡಿಯುತ್ತಿದ್ದರು ಎಂದು ಬರೆದರೆ ಅವರ ಶ್ರಮಕ್ಕೆ ಅವಮಾನ ಮಾಡಿದಂತೆ. ಆಗ ಸಾರಾಯಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬರುತ್ತಿತ್ತು. ಹಲ್ಲಿನಿಂದ ಮೂಲೆ ಕಚ್ಚಿ ಕಿತ್ತರೆ ಮುಗಿಯಿತು, ಲೋಟ ತೊಳೆಯುವ ಕಷ್ಟವೂ ಇಲ್ಲ. ಒಮ್ಮೆ ಹಾಗೆ ಎರಡು ಮೂರು ಕೊಟ್ಟೆ ಮುಗಿಸಿ, ಕಟ್ಟಿ ಹಾಕಿದ್ದ ಸಣ್ಣ ದೋಣಿಯೊಳಗೆ ಮಲಗಿದ್ದಾರೆ. ಹಗ್ಗ ಬಿಚ್ಚಿಕೊಂಡಿದೆ. ಎಚ್ಚರಾದಾಗ ಎದುರಿಗೆ ಮುರ್ಡೇಶ್ವರದ ಗುಡ್ಡ. ಅಲ್ಲಿನ ಮೀನುಗಾರರು ದೋಣಿ ಎಳೆದು ದಡಕ್ಕೆ ಹಾಕಿ, ಚಹಾ ಕುಡಿಸಿ, ಟೆಂಪೊ ಹತ್ತಿಸಿ ಕಳಿಸಿದರು. ಮನೆಗೆ ಬಂದವರು ನನ್ನ ಮುಖ ನೋಡಿ, "ದೇವರ ದರ್ಶನ ಚಲೋ ಆತು," ಎಂದರು. ನಾನು ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ದೂರ ಇಟ್ಟೆ. ಹತ್ತಿರ ಇದ್ದರೆ ಒಳ್ಳೆಯದಲ್ಲ ಅನಿಸಿತು.

ಬಿಡಿಸಿದ್ದು ನಾನಲ್ಲ, ಮಗಳು. ಅವಳು ಎರಡನೇ ಇಯತ್ತೆಯಲ್ಲಿದ್ದಾಗ ಮಾಸ್ತರರು ಮಕ್ಕಳನ್ನೆಲ್ಲ ನಿಲ್ಲಿಸಿ, ನಿಮ್ಮ ಅಪ್ಪ ಎಂತ ಮಾಡ್ತಾರೆ ಎಂದು ಕೇಳಿದರಂತೆ. ಒಬ್ಬ ಮೀನು ಹಿಡೀತಾರೆ ಎಂದ, ಇನ್ನೊಬ್ಬಳು ಅಂಗಡಿ ಎಂದಳು. ನಮ್ಮವಳು, "ಕುಡೀತಾರೆ," ಎಂದಳು. ಉದ್ಯೋಗದ ಹೆಸರು ಹೇಳಿದ ಹಾಗೆ ಹೇಳಿದಳಂತೆ. ಮಕ್ಕಳು ಯಾರೂ ನಗಲಿಲ್ಲ. ಅರ್ಧ ತರಗತಿಯ ಅಪ್ಪಂದಿರದು ಅದೇ ಕಸುಬು. ಮಾಸ್ತರರು ದಕ್ಕೆಗೆ ಬಂದು ಈ ವಿಷಯ ತಿಳಿಸಿದ ದಿನ ನಮ್ಮವರು ಯಾವ ಇಂಜಿನ್ನೂ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಮಿಂದು, ಒಬ್ಬರೇ ಇಡಗುಂಜಿಗೆ ಹೋಗಿ, ಗಣಪತಿಯ ಮುಂದೆ ಆಣೆ ಹಾಕಿ ಬಂದರು.

ಇಡಗುಂಜಿಯಲ್ಲಿ ಆಣೆ ಹಾಕಿ ಕುಡಿತ ಬಿಡುವುದು ನಮ್ಮ ಕಡೆ ಹೊಸದಲ್ಲ. ಬಿಟ್ಟದ್ದನ್ನು ಮತ್ತೆ ಹಿಡಿಯುವುದೂ ಹೊಸದಲ್ಲ. ಪಕ್ಕದ ಕೇರಿಯ ಒಬ್ಬರು, ಇಡಗುಂಜಿ ಇರುವುದು ಹೊನ್ನಾವರ ತಾಲೂಕಿನಲ್ಲಿ, ಹಾಗಾಗಿ ಆಣೆಯೂ ಹೊನ್ನಾವರ ತಾಲೂಕಿಗೆ ಮಾತ್ರ ಎಂದು ತಿಳಿದಿದ್ದರು. ಶನಿವಾರ ಬಸ್ಸು ಹತ್ತಿ ಕುಮಟೆಗೆ ಹೋಗಿ ಕುಡಿದು, ಬರುವಾಗ ಧಾರೇಶ್ವರದಲ್ಲಿ ಇಳಿದು ಅಲ್ಲಿನ ದೇವರಿಗೆ ಕೈಮುಗಿದು ಬರುತ್ತಿದ್ದರು. ಇದರಲ್ಲಿ ಮೋಸ ಇದೆ ಎಂದು ಅವರಿಗೆ ಒಮ್ಮೆಯೂ ಅನಿಸಿರಲಿಲ್ಲ. ಇಂಥವರನ್ನು ಕಂಡು ಕಂಡು ನಮ್ಮೂರ ಹೆಂಗಸರಿಗೆ ಗಂಡಸರ ಆಣೆಯ ಮೇಲೆ ನಂಬಿಕೆ ಹೋಗಿ ಬಹಳ ಕಾಲವಾಗಿತ್ತು.

ನಮ್ಮವರು ಮಾತ್ರ ಹೊನ್ನಾವರ, ಕುಮಟೆ, ಭಟ್ಕಳ ಮೂರೂ ತಾಲೂಕಿನಲ್ಲಿ ಬಿಟ್ಟರು. ಎರಡು ವರ್ಷ ದಾಟಿತು. ಅಷ್ಟರಲ್ಲಿ ಪಂಚಾಯತ್ ಚುನಾವಣೆ ಬಂತು. ಎರಡು ಸಾವಿರದ ಇಸವಿ ಆಚೀಚೆ. ದಕ್ಕೆಯ ಹುಡುಗರೆಲ್ಲ ಸೇರಿ ಇವರನ್ನೇ ನಿಲ್ಲಿಸುವುದೆಂದು ಹೊರಟರು. ಹುಡುಗರು ಹೊರಟರೆ ಆಗುವುದಿಲ್ಲ. ನಮ್ಮ ವಾರ್ಡಿನಲ್ಲಿ ವೋಟು ಇದ್ದದ್ದು ಮೀನು ಮಾರುವ ಹೆಂಗಸರ ಕೈಯಲ್ಲಿ, ಆ ಹೆಂಗಸರು ಇದ್ದದ್ದು ನಶ್ಯದ ಅಜ್ಜಿಯ ಕೈಯಲ್ಲಿ.

ನಶ್ಯದ ಅಜ್ಜಿಯ ಬಗ್ಗೆ ಎರಡು ಮಾತು ಹೇಳಬೇಕು. ಅರವತ್ತು ದಾಟಿದ ಹೆಂಗಸು. ತಲೆಯ ಮೇಲೆ ಮೀನಿನ ಬುಟ್ಟಿ, ಸೊಂಟದಲ್ಲಿ ನಶ್ಯದ ಡಬ್ಬಿ. ಇದ್ದ ಒಬ್ಬನೇ ಮಗ ಸಾರಾಯಿ ಕುಡಿದು ದಕ್ಕೆಯ ನೀರಿಗೆ ಬಿದ್ದು ತೀರಿಹೋಗಿದ್ದ. ಆ ಮೇಲೆ ಅವರು ಯಾರ ಮುಂದೆಯೂ ಆ ವಿಷಯ ಎತ್ತಿದ್ದನ್ನು ನಾನು ಆಗ ಕೇಳಿರಲಿಲ್ಲ. ಊರಿನಲ್ಲಿ ಯಾವ ಗಂಡಸು ಕುಡಿದಿದ್ದಾನೆ ಎಂಬುದನ್ನು ಅವರು ಎದುರಿಗೆ ಹಾದು ಹೋಗುವಾಗಲೇ ಹೇಳುತ್ತಿದ್ದರು. ದಿನವಿಡೀ ನಶ್ಯ ಏರಿಸುವ ಮೂಗಿಗೆ ಅಷ್ಟು ಬುದ್ಧಿ ಹೇಗೆ ಉಳಿದಿತ್ತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಜ್ಜಿ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಒಂದು ಮಧ್ಯಾಹ್ನ ನಮ್ಮ ಜಗಲಿಗೆ ಬಂದರು. ಇವರು ಎದ್ದು ನಿಂತು ಕೈಮುಗಿದು, "ನಾ ಆಣೆ ಹಾಕಿದ್ದೆ ಅಜ್ಜಿ, ಎರಡು ವರ್ಷ ಆತು," ಎಂದರು.

ಅಜ್ಜಿ ಅವರ ಕಡೆ ನೋಡಲೇ ಇಲ್ಲ. ನನಗೆ ಹೇಳಿದರು. "ನಿನ್ ಗಂಡನ ಆಣೆ ನಂಗೆ ಬ್ಯಾಡ. ಆಣೆಗೆ ವಾಸ್ನೆ ಇಲ್ಲ. ನೀ ಮಾತು ಕೊಡು."

"ಎಂತ ಮಾತು?"

"ನಾವು ಯಾವಾಗ ಬೇಕಾರೂ ಬತ್ರು. ಬಂದ್ಕೂಡ್ಲೆ ಇವ ಬಾಯಿ ತೆಗೀಬೇಕು. ವಾಸ್ನೆ ಬಂತು ಅಂದ್ರೆ ಅವತ್ತೇ ರಾಜೀನಾಮೆ. ನೀನೇ ಕೈ ಹಿಡ್ದು ಆಫೀಸಿಗೆ ಕರ್ಕಂಡು ಹೋಗ್ಬೇಕು."

"ಯಾವಾಗ ಬತ್ರಿ ಹೇಳಿ, ನಾ ಇವ್ರಿಗೆ ಮನೇಲಿ ಇರೂಕೆ ಹೇಳ್ತೆ."

"ಹೇಳಿ ಬಂದ್ರೆ ಅದು ನೆಂಟಸ್ತಿಕೆ ಆತು, ತಂಗಿ."

ನಾನು ಒಪ್ಪಿದೆ. ಸುಮ್ಮನೆ ಒಪ್ಪಲಿಲ್ಲ. ಮನೆ ಮನೆಗೆ ಹೋಗಿ, ಇವರು ಕುಡಿಯುವುದಿಲ್ಲ, ಕುಡಿದರೆ ನನ್ನನ್ನು ಕೇಳಿ ಎಂದು ಹೇಳಿ ಬಂದೆ. ಅವರ ಹೆಸರಿಗೆ ಬಿದ್ದ ವೋಟೆಲ್ಲ ನಿಜವಾಗಿ ನನ್ನ ಬಾಯಿಗೆ ಬಿದ್ದದ್ದು. ಆಮೇಲೆ ಊರಿನಲ್ಲಿ ತಲೆ ಎತ್ತಿ ನಡೆಯಬೇಕಾದವಳು ನಾನು. ಇದು ಅವರಿಗೂ ಗೊತ್ತಿತ್ತು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನಮ್ಮವರಿಗೆ ಒಳ್ಳೆಯತನ ಒಮ್ಮೆ ತಲೆಗೇರಿದರೆ ಸಾರಾಯಿಗಿಂತ ಕಷ್ಟ. ದಕ್ಕೆಯಲ್ಲಿ ಸಭೆ ಮಾಡಿ, "ಸಾರಾಯಿ ಮಾತ್ರ ಅಲ್ಲ, ಎಂತದೇ ಅಮಲಾಗ್ಲಿ, ತಲೆ ನೆಟ್ಗಿಲ್ದ ದಿನ ನಾ ಕುರ್ಚಿ ಮೇಲೆ ಕೂರೂದಿಲ್ಲ," ಎಂದು ತಾವಾಗಿಯೇ ಇನ್ನೊಂದು ಷರತ್ತು ಸೇರಿಸಿದರು. ಯಾರೂ ಕೇಳಿರಲಿಲ್ಲ. ಚಪ್ಪಾಳೆ ಚೆನ್ನಾಗಿ ಬಿತ್ತು.

ಗೆದ್ದರು. ಮೀಸಲಾತಿಯ ಸರದಿಯಲ್ಲಿ ಅಧ್ಯಕ್ಷರೂ ಆದರು. ಹಾರ ತೆಗೆದು ಗೂಟಕ್ಕೆ ಸಿಕ್ಕಿಸುವಷ್ಟರಲ್ಲಿ ಅಜ್ಜಿ ಅಂಗಳದಲ್ಲಿದ್ದರು. ಬುಟ್ಟಿ ಇಳಿಸಿ, ಸೆರಗಿಗೆ ಕೈ ಒರೆಸಿ, "ತಮಾ, ಬಾಯಿ ತೆಗಿ," ಎಂದರು. ಅಧ್ಯಕ್ಷರು ಬಗ್ಗಿ ಬಾಯಿ ತೆಗೆದರು. ಅಜ್ಜಿ ಮೂಸಿದರು. "ಆತು," ಎಂದು ಬುಟ್ಟಿ ಹೊತ್ತುಕೊಂಡು ಹೋದರು. ದಕ್ಕೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಇವತ್ತು ಎಂತದೂ ಇಲ್ಲ," ಎಂದರಂತೆ. ಫಲಿತಾಂಶ ದಕ್ಕೆಯಲ್ಲೇ ಹೇಳಬೇಕು ಎಂಬುದು ಪದ್ಧತಿಯಾಯಿತು.

ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ. ಇವರು ಹಲ್ಲುಜ್ಜುವ ಮೊದಲೂ ಅಜ್ಜಿ ಬಂದರು, ಊಟದ ನಡುವೆಯೂ ಬಂದರು. ಚೌತಿ ಹಬ್ಬದ ದಿನ ಗಣಪತಿಗೆ ಮಂಗಳಾರತಿ ಆಗುವಾಗ ಬಂದು, ಆರತಿ ತೆಗೆದುಕೊಂಡು, ಅದೇ ಕೈಯಲ್ಲಿ ಇವರ ಗಲ್ಲ ಹಿಡಿದು ಮೂಸಿದರು. ಅಜ್ಜಿಗೆ ಬಿಡುವಿಲ್ಲದ ದಿನ ಬೇರೆ ಹೆಂಗಸರು ಬರುತ್ತಿದ್ದರು. ಏಲಕ್ಕಿ, ಲವಂಗ ನಮ್ಮ ಮನೆಯ ಡಬ್ಬಿಯಿಂದ ಹೋಯಿತು. ವಾಸನೆ ಮುಚ್ಚುತ್ತದೆ ಎಂದು ನಿಷೇಧ. ಕೆಮ್ಮಿನ ಔಷಧಿ, ದಶಮೂಲಾರಿಷ್ಟ ಕೂಡ ನಿಷೇಧ. ಬೇಸಿಗೆಯಲ್ಲಿ ಗೇರು ಹಣ್ಣು ತಿಂದು ಒಮ್ಮೆ ಸಿಕ್ಕಿಬಿದ್ದರು. ಹಣ್ಣು ಸ್ವಲ್ಪ ಕಳಿತರೆ ಅದರ ವಾಸನೆಯೂ ಬೇರೆಯದರ ಹಾಗೇ. ಅಜ್ಜಿ ಬಾವಿಕಟ್ಟೆಯ ಮೇಲೆ ಕೂತು, ಒಂದು ತಾಸು ಕಾದು, ಮತ್ತೆ ಮೂಸಿ ಬಿಟ್ಟುಕೊಟ್ಟರು. ಆ ವರ್ಷದಿಂದ ಗೇರು ಹಣ್ಣೂ ನಿಂತಿತು. ಕವಳ ಮಾತ್ರ ಯಾರೂ ನಿಲ್ಲಿಸಲಿಲ್ಲ. ಎಲೆ, ಅಡಿಕೆ, ಸುಣ್ಣ, ತಂಬಾಕು ಇಲ್ಲದೆ ಪಂಚಾಯತ್ ಸಭೆಯಲ್ಲಿ ಮಾತೇ ಹುಟ್ಟುವುದಿಲ್ಲ. ಮೂಸುವ ಹೆಂಗಸರ ಬಾಯಿಯಲ್ಲೂ ಅದೇ ಇತ್ತು.

ಈ ಪರೀಕ್ಷೆಯ ಕೀರ್ತಿ ಒಮ್ಮೆ ಜಿಲ್ಲೆಯಾಚೆಗೂ ಹೋಗಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು. ದೊಡ್ಡ ಚುನಾವಣೆಯ ಹೊತ್ತಿನಲ್ಲಿ ಬೇರೆ ಜಿಲ್ಲೆಯಿಂದ ಒಬ್ಬರು ಮುಖಂಡರು ಉಸ್ತುವಾರಿಗೆ ಬಂದಿದ್ದರು. ಬಿಳಿ ಅಂಗಿ, ಹಿಂದೆ ಎರಡು ಜೀಪು. ನಮ್ಮ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತ ಇವರೊಡನೆ ಮಾತಾಡುತ್ತಿದ್ದರು. ಅಜ್ಜಿ ಬಂದರು. ಜೀಪು ನೋಡಲಿಲ್ಲ, ಅಂಗಿ ನೋಡಲಿಲ್ಲ. "ತಮಾ, ಬಾಯಿ ತೆಗಿ." ಇವರು ತೆಗೆದರು, ಅಜ್ಜಿ ಮೂಸಿದರು. ಮುಖಂಡರು ಇದು ಈ ಕಡೆಯ ಹಿರಿಯರ ಆಶೀರ್ವಾದದ ಕ್ರಮ ಎಂದು ತಿಳಿದಿರಬೇಕು. ಲೋಟ ಕೆಳಗಿಟ್ಟು, ಭಕ್ತಿಯಿಂದ ಮುಂದೆ ಬಾಗಿ, ತಾವೂ ಬಾಯಿ ತೆಗೆದರು.

ಅಜ್ಜಿ ಒಂದು ಕ್ಷಣ ನನ್ನ ಮುಖ ನೋಡಿ, ಬಂದದ್ದು ಬರಲಿ ಎಂದು ಅವರನ್ನೂ ಮೂಸಿದರು. ಮೂಸಿ ನೆಟ್ಟಗೆ ನಿಂತು, ಸೊಂಟದ ಡಬ್ಬಿ ತೆಗೆದು, ಒಂದು ಚಿಟಿಕೆ ನಶ್ಯ ಏರಿಸಿದರು. ಮುಖಂಡರು ಕೈಮುಗಿದರು. ಆ ದಿನ ದಕ್ಕೆಯಲ್ಲಿ ಅಜ್ಜಿ ಒಬ್ಬರ ಫಲಿತಾಂಶ ಮಾತ್ರ ಹೇಳಿದರು. ಇನ್ನೊಬ್ಬರದು ಎಂತಾತು ಎಂದು ಹೆಂಗಸರು ಎಷ್ಟು ಪೀಡಿಸಿದರೂ, "ಅವ್ರು ನಮ್ ವಾರ್ಡಿನವ್ರಲ್ಲ," ಎಂದು ಬಿಟ್ಟರು.

ಬೇರೆ ವಾರ್ಡಿನ ಹೆಂಗಸರೂ ತಮ್ಮ ಸದಸ್ಯರ ಬಾಯಿ ಮೂಸಬೇಕೆಂದು ಹೊರಟಿದ್ದರು. ಒಬ್ಬ ಸದಸ್ಯರು ಮಾತ್ರ ನಾಲ್ಕು ದಿನ ಒಪ್ಪಿ, ಐದನೆಯ ದಿನ ಹಲ್ಲುನೋವು ಎಂದರು. ತೋಟದ ಕಡೆಯಿಂದ ಬಂದ ಉಪಾಧ್ಯಕ್ಷರು ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ. ತಾನೇಕೆ ಬಾಯಿ ತೆಗೆಯಬೇಕು ಎಂದು ಅವರಿಗೆ ಕೇಳಿಯೇ ಸಿಟ್ಟು ಬಂತು. "ಆನೆಂತಕ್ಕೆ ಬಾಯಿ ತೆಗೆಯವು? ಬಾಯಿ ಇಪ್ಪದು ಕವಳಕ್ಕೆ," ಎಂದರು. ಕುಡಿಯದವರಿಗೆ ಸಿಟ್ಟು, ಕುಡಿಯುವವರಿಗೆ ಹಲ್ಲುನೋವು. ಕೊನೆಗೆ ಇಡೀ ಪಂಚಾಯತಿನಲ್ಲಿ ಪರೀಕ್ಷೆಗೆ ಉಳಿದವರು ನಮ್ಮವರೊಬ್ಬರೇ.

ಇನ್ನು ಕೊಠಡಿಯ ವಿಷಯ. ದಕ್ಕೆಯ ತಲೆಯಲ್ಲಿ ಪಂಚಾಯತಿನದೇ ಒಂದು ಖಾಲಿ ಕೊಠಡಿ ಇತ್ತು. ಹೆಂಗಸರಿಗೆ ಮಳೆಯಲ್ಲಿ ಮೀನು ಇಟ್ಟುಕೊಳ್ಳಲು ಅದು ಬೇಕಿತ್ತು. ಸಾರಾಯಿ ಗುತ್ತಿಗೆದಾರನಿಗೂ ಅದೇ ಬೇಕಿತ್ತು. ದೋಣಿ ಇಳಿದ ಗಂಡಸರು ಮನೆಯ ದಾರಿ ಹಿಡಿಯುವ ಮೊದಲು ಸಿಗುವ ಜಾಗ ಅದು. ಅಲ್ಲಿ ಅಂಗಡಿ ಇಟ್ಟರೆ ಮತ್ತೆ ಗಿರಾಕಿಯನ್ನು ಹುಡುಕಬೇಕಾಗಿಲ್ಲ. ಅವನ ಪರವಾಗಿ ಸದಸ್ಯರಲ್ಲಿ ಅರ್ಧ ಜನ ಆಗಲೇ ತಲೆ ಅಲ್ಲಾಡಿಸಿದ್ದರು. ಇವರೂ ಸೇರಿ ಇನ್ನರ್ಧ ಹೆಂಗಸರ ಕಡೆ. ಎರಡೂ ಸಮ ಬಂದರೆ ಅಧ್ಯಕ್ಷರ ಮತವೇ ಮುಗಿಸುವುದು. ಅಂದರೆ ಕೊಠಡಿ ಹೆಂಗಸರಿಗೇ ಎಂದು ನಾವೆಲ್ಲ ನಿಶ್ಚಿಂತೆಯಿಂದ ಇದ್ದೆವು. ಅಜ್ಜಿ ಮಾತ್ರ ಸಭೆಯ ಹಿಂದಿನ ಒಂದು ವಾರ ದಿನಾ ಬಂದು ಮೂಸಿ ಹೋದರು.

ಸಭೆಯ ದಿನ ಏನೂ ಆಗಿರಲಿಲ್ಲ. ಇವರು ಗಂಜಿ ಉಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಹೋದರು. ಸಭೆ ಶುರುವಾಗುವ ಮೊದಲು ಎಂದಿನಂತೆ ಕವಳದ ತಟ್ಟೆ ಬಂತು. ಗುತ್ತಿಗೆದಾರನ ಪರವಾಗಿದ್ದ ಹಿರಿಯ ಸದಸ್ಯರೊಬ್ಬರು ತಾವೇ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಇವರ ಕೈಗೆ ಕೊಟ್ಟರು. ಕೊಟ್ಟ ಕವಳ ಬೇಡ ಎನ್ನುವುದು ನಮ್ಮ ಕಡೆ ಜಗಳಕ್ಕೆ ಕರೆದಂತೆ. ಇವರು ಬಾಯಿಗೆ ಹಾಕಿದರು.

ಅಡಿಕೆ ಸೊಕ್ಕಿತು. ಕೆಲವು ಅಡಿಕೆ ಹಾಗೆ. ಯಾವುದು ಸೊಕ್ಕುತ್ತದೆ ಎಂದು ಜಗಿಯುವವರೆಗೆ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಆ ಹಿರಿಯರು ಬೇಕೆಂದೇ ಮಾಡಿದರು ಎಂದು ನಾನು ಹೇಳಲಾರೆ. ಮನಸ್ಸಿನಲ್ಲಿ ಅಂದುಕೊಳ್ಳುವುದನ್ನು ಯಾರೂ ತಡೆಯುವ ಹಾಗಿಲ್ಲ. ಸೊಕ್ಕಿದರೆ ಕಿವಿ ಬಿಸಿಯಾಗಿ, ಮೈಯೆಲ್ಲ ಬೆವತು, ನಾಲಿಗೆ ತೊದಲಿ, ನೆಲ ಗಿರ್ರೆಂದು ತಿರುಗುತ್ತದೆ. ಸ್ವಲ್ಪ ಹೊತ್ತು ಮಲಗಿದರೆ ಇಳಿಯುತ್ತದೆ. ನಮ್ಮವರು ಸ್ವಾಗತದ ಮಾತು ಆಡಲು ಎದ್ದು, ಎರಡು ಶಬ್ದ ತೊದಲಿ, ಮೇಜು ಹಿಡಿದು ಕೂತರು. ಕೂತವರು ವಾಲಿದರು. "ಅಧ್ಯಕ್ಷರು ಕುಡಿದು ಬಂದಾರೆ!" ಎಂದು ಯಾರೋ ಕೂಗಿದ್ದು ರಸ್ತೆಯವರೆಗೆ ಕೇಳಿತು.

ಸುದ್ದಿ ಸಿಕ್ಕಿದ್ದೇ ನಾನು ಓಡಿದೆ. ಹೊಲಿಯುತ್ತಿದ್ದ ಲಂಗ ಹೆಗಲ ಮೇಲೇ ಇತ್ತು. ಅಜ್ಜಿಯೂ ಬಂದರು. ಪಂಚಾಯತ್ ಆಫೀಸಿನ ಬಾಗಿಲಲ್ಲಿ ಜನ. ಅಜ್ಜಿ ಬುಟ್ಟಿ ಇಳಿಸದೆಯೇ ಒಳಗೆ ನುಗ್ಗಿ, ಗಲ್ಲ ಎತ್ತಿ ಮೂಸಿ, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. "ಎಂತಾ ಕುಡೀಲಿಲ್ಲ ಇವ. ಅಡಿಕೆ ಸೊಕ್ಕಿದ್ದು. ತಣ್ಣೀರು ಕೊಡಿ," ಎಂದರು. ನನಗೆ ಹೋದ ಜೀವ ಬಂದಂತಾಯಿತು. ನೆರೆದವರಲ್ಲಿ ನಾಲ್ಕು ಜನ ನಕ್ಕರು ಕೂಡ.

ಆಗ ಕವಳ ಕೊಟ್ಟ ಹಿರಿಯರು ಬಹಳ ಮರ್ಯಾದೆಯಿಂದ ಮಾತಾಡಿದರು. "ಕುಡಿದಾರೆ ಅಂತ ನಾನೂ ಹೇಳ್ಲಿಲ್ಲ. ಆದ್ರೆ ಎಂತದೇ ಅಮಲಾಗ್ಲಿ, ತಲೆ ನೆಟ್ಗಿಲ್ದ ದಿನ ಕುರ್ಚಿ ಮೇಲೆ ಕೂರೂದಿಲ್ಲ ಅಂತ ಅವ್ರೇ ಹೇಳಿದ್ದು, ಅಲ್ದಾ?"

"ಅರ್ಧ ಗಂಟೆ ತಡೀರಿ, ಇಳೀತದೆ," ಎಂದೆ ನಾನು. ಉಪಾಧ್ಯಕ್ಷರೂ ಕಾಯೋಣ ಎಂದರು. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ನಮ್ಮವರು ನೀರು ಕುಡಿದು, ಗೋಡೆ ಹಿಡಿದು ಎದ್ದು, "ದಿನ ಅಂದಿದ್ದೆ. ಗಂಟೆ ಅನ್ಲಿಲ್ಲ," ಎಂದರು. ಎಂದು ಹೊರಗೆ ನಡೆದು, ಜಗಲಿಯ ಬೆಂಚಿನ ಮೇಲೆ ಮಲಗಿದರು.

ಒಳಗೆ ಉಪಾಧ್ಯಕ್ಷರು ಸಭೆ ನಡೆಸಿದರು. ಒಂದೇ ಒಂದು ಮತದಲ್ಲಿ ಕೊಠಡಿ ಸಾರಾಯಿಗೆ ಹೋಯಿತು. ನಾನು ಬೆಂಚಿನ ಬಳಿ ನಿಂತು ಬಾಯಿಗೆ ಬಂದಂತೆ ಬೈದೆ. ಆ ದಿನ ಅವರು ನಿಜವಾಗಿ ಕುಡಿದಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಕುಡುಕನಿಗೆ ಬೈದರೆ ತಗಲುವುದಿಲ್ಲ ಎಂಬ ಸಮಾಧಾನವಾದರೂ ಇರುತ್ತದೆ. ಇವರು ಕಣ್ಣು ಮುಚ್ಚಿ, "ಹೇಳಿದ ಮಾತು, ಎಂತ ಮಾಡೂದು," ಎಂದರು. ಹೆಂಗಸರು ಬುಟ್ಟಿ ಎತ್ತಿಕೊಂಡು ಹೋದರು. ಅಜ್ಜಿ ಒಮ್ಮೆಯೂ ತಿರುಗಿ ನೋಡಲಿಲ್ಲ.

ಅಂಗಡಿ ಬೇಗನೇ ಶುರುವಾಯಿತು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಇಂಜಿನ್ ರಿಪೇರಿ ಮಾಡುವ ಜಾಗದಿಂದ ಕೂಗಿದರೆ ಕೇಳುವಷ್ಟು ಹತ್ತಿರ. ದೋಣಿ ಇಳಿದ ಗಂಡಸರು ಇವರ ಮುಂದೆಯೇ ಹಾದು ಅಲ್ಲಿಗೆ ಹೋಗುತ್ತಿದ್ದರು. ಕೊಟ್ಟೆ ಕಚ್ಚಿ ಕಿತ್ತು, "ಅಧ್ಯಕ್ಷರ ಕೃಪೆ," ಎಂದು ಕೈಮುಗಿಯುತ್ತಿದ್ದರು. ಹೆಂಗಸರ ಪರೀಕ್ಷೆ ನಿಲ್ಲಲಿಲ್ಲ. ಆದರೆ ಈಗ ಬರುವವರು ಮಾತಾಡುತ್ತಿರಲಿಲ್ಲ. ಬಂದು, ಮೂಸಿ, ಹೋಗುತ್ತಿದ್ದರು. ಇವರು ಊಟಕ್ಕೆ ಕೂತರೆ ಅನ್ನ ತಟ್ಟೆಯಲ್ಲೇ ಇರುತ್ತಿತ್ತು. ನನಗೆ ಹೆದರಿಕೆಯಾಯಿತು. ಕುಡಿಯುವ ಕಾಲದಲ್ಲೂ ಅವರು ಅಷ್ಟು ಸುಮ್ಮನಿದ್ದವರಲ್ಲ.

ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಅವರು ಬಂದು ಮೆಟ್ಟಿಲ ಮೇಲೆ ಕೂತರು. ಚಪ್ಪಲಿ ಬಿಡಲಿಲ್ಲ. ನಾನು ಯಂತ್ರದ ಮುಂದಿನಿಂದ ಏಳಲೂ ಬೇಕಾಗಲಿಲ್ಲ. ಕುಳಿತಲ್ಲಿಗೇ ವಾಸನೆ ಬಂತು. ನಾಲ್ಕೈದು ವರ್ಷಗಳ ನಂತರ ಬಂದ ವಾಸನೆ, ಆದರೂ ನಿನ್ನೆಯದೇ ಅನ್ನುವ ಹಾಗಿತ್ತು. ನನ್ನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಅವರು ನನ್ನ ಕಡೆ ನೋಡದೆ, "ಕುಡಿದೆ," ಎಂದರು.

ನಾನು ಬಾಯಿ ತೆರೆಯುವುದರೊಳಗೆ ಬೇಲಿಯ ಆಚೆ ಹೆಂಗಸರ ಗುಂಪು ಕಂಡಿತು. ಇವರು ಅಂಗಡಿಯ ಬಾಗಿಲಲ್ಲಿ ನಿಂತದ್ದನ್ನು ಯಾರೋ ಕಂಡು ಹೇಳಿದ್ದಾರೆ. ಹತ್ತಿಪ್ಪತ್ತು ಜನ ಇರಬಹುದು. ಅವರ ಹಿಂದೆ ಕವಳ ಕೊಟ್ಟ ಹಿರಿಯರ ಮನೆಯ ಆಳು ಕೂಡ ಇದ್ದ. ಅಜ್ಜಿ ಮುಂದೆ ಬಂದರು. ನಾನು ಎದ್ದು ನಿಂತೆ. ಈಗ ಕೈ ಹಿಡಿದು ಆಫೀಸಿಗೆ ಕರೆದುಕೊಂಡು ಹೋಗಬೇಕಾದವಳು ನಾನೇ. ಕೊಟ್ಟ ಮಾತು ನನ್ನದು.

"ತಮಾ, ಬಾಯಿ ತೆಗಿ."

ಇವರು ತೆಗೆದರು. ಅಜ್ಜಿ ಬಾಗಿದರು. ಯಾವತ್ತಿಗಿಂತ ಹೆಚ್ಚು ಹೊತ್ತು ಹಾಗೇ ಇದ್ದರು. ಆಮೇಲೆ ಬೇಲಿಯ ಕಡೆ ತಿರುಗಿ, ದಕ್ಕೆಯಲ್ಲಿ ಹೇಳುವಷ್ಟೇ ಗಟ್ಟಿಯಾಗಿ, "ಎಂತದೂ ಇಲ್ಲ," ಎಂದರು.

ಬೇಲಿಯ ಆಚೆ ಯಾರೂ ಅಲ್ಲಾಡಲಿಲ್ಲ. ಮುಂದೆ ನಿಂತಿದ್ದ ಒಬ್ಬಳ ಮೂಗಿಗೂ ವಾಸನೆ ಹೋಗಿರಲೇಬೇಕು. ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಅಜ್ಜಿ ಮತ್ತೆ, "ಎಂತದೂ ಇಲ್ಲ ಅಂದೆ, ಕೇಳ್ಲಿಲ್ವಾ? ಹೋಗಿ, ಮನೇಲಿ ಒಲೆ ಹಚ್ಚಿ," ಎಂದರು. ಎಲ್ಲರೂ ಹೋದರು. ಆಳು ಕೂಡ ಹೋದ.

ನಾನು ಅಜ್ಜಿಯ ಕೈ ಹಿಡಿದು, "ಅಜ್ಜಿ, ನಿಮ್ಗೆ ವಾಸ್ನೆ..." ಎಂದೆ.

"ನಂಗೆ ಥಂಡಿ ಆಗಿತ್ತು, ತಂಗಿ. ಮೂಗು ಕಟ್ಟಿತ್ತು," ಎಂದರು. ಮೂಗು ಕಟ್ಟಿದವರ ಸ್ವರ ಅದಲ್ಲ. "ಇವನ್ನ ಒಳ್ಗೆ ಕರ್ಕಂಡು ಹೋಗು. ಅನ್ನ ಹಾಕು."

ಮರುದಿನ ಬೆಳಿಗ್ಗೆ ನಮ್ಮವರು ಮಿಂದು 'ರಾಜೀನಾಮೆ ಕೊಡ್ತೆ' ಎಂದು ಹೊರಟರು. ನಾನು ತಡೆಯಲಿಲ್ಲ. ಆದರೆ ಮೊದಲು ದಕ್ಕೆಗೆ ಹೋಗಿ ಹೆಂಗಸರಿಗೆ ಹೇಳಬೇಕು ಎಂದರು. ನಾನೂ ಹಿಂದೆ ಹೋದೆ. ಮೀನಿನ ರಾಶಿಯ ಮುಂದೆ ನಿಂತು, "ನಿನ್ನೆ ನಾ ಕುಡಿದಿದ್ದೆ. ಅಜ್ಜಿಗೆ ಥಂಡಿ ಆಗಿ ಗೊತ್ತಾಗ್ಲಿಲ್ಲ," ಎಂದರು.

ಯಾರೂ ತಲೆ ಎತ್ತಲಿಲ್ಲ. ಬಂಗಡೆ ಆರಿಸುತ್ತಿದ್ದ ಒಬ್ಬಳು ಕೆಲಸ ನಿಲ್ಲಿಸದೆ, "ಅಜ್ಜಿ ಇಲ್ಲ ಅಂದ್ಮೇಲೆ ಇಲ್ಲ," ಎಂದಳು.

"ನಾನೇ ಹೇಳ್ತೆ ಅಲ್ದಾ, ಕುಡಿದಿದ್ದೆ ಅಂತ."

"ಮೂಸೂದು ನಮ್ ಕೆಲ್ಸ. ಹೇಳೂದೂ ನಮ್ ಕೆಲ್ಸ. ನಿಮ್ದು ಬಾಯಿ ತೆಗಿಯೂದು ಅಷ್ಟೇ. ಹೋಗಿ, ಆಫೀಸಿಗೆ ಹೊತ್ತಾತು."

ಅವರು ಅಲ್ಲೇ ನಿಂತು ಅತ್ತರು. ದಕ್ಕೆಯಲ್ಲಿ ಗಂಡಸೊಬ್ಬ ಹಾಗೆ ನಿಂತು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಹೆಂಗಸರು ಮೀನು ಆರಿಸುತ್ತಲೇ ಇದ್ದರು. ಇವರು ಮುಖ ಒರೆಸಿಕೊಂಡು ಆಫೀಸಿಗೆ ಹೋಗಿ ಕುರ್ಚಿಯ ಮೇಲೆ ಕೂತರು. ಆಮೇಲೆ ಅವರು ಕುಡಿದದ್ದಿಲ್ಲ. ಅವಧಿ ಮುಗಿಯುವವರೆಗೂ ಮೂಸುವವರು ಬಂದರು, ಹೇಳದೆ ಕೇಳದೆ, ಊಟದ ನಡುವೆ. ಇನ್ನೂ ಕೆಲವು ವರ್ಷ ಕಳೆದು ಸರಕಾರವೇ ಸಾರಾಯಿ ನಿಲ್ಲಿಸಿತು. ದಕ್ಕೆಯ ಕೊಠಡಿಯಲ್ಲಿ ಹೆಂಗಸರು ಮೀನು ಇಟ್ಟರು.

ಟೀವಿಯವರು ಕೇಳಿದರೆ ನಾನು ಪರೀಕ್ಷೆ ಬೇಕು ಎಂದೇ ಹೇಳುತ್ತೇನೆ. ಹೇಳದೆ ಬರಬೇಕು, ಎಲ್ಲರನ್ನೂ ಮೂಸಬೇಕು, ಹಲ್ಲುನೋವಿನವರನ್ನು ಮೊದಲು. ಆದರೆ ಆ ಸಂಜೆ ಅಜ್ಜಿ ಸುಳ್ಳು ಹೇಳಿದ್ದು ಸರಿಯೋ ತಪ್ಪೋ ಎಂದು ಮಾತ್ರ ನನ್ನನ್ನು ಕೇಳಬಾರದು. ಸುಳ್ಳಿನಿಂದ ಉಳಿದದ್ದು ನನ್ನ ಮನೆ.

ಅಜ್ಜಿಯನ್ನೇ ಒಮ್ಮೆ ಕೇಳಿದ್ದೆ. ಅವರಿಗೆ ಬುಟ್ಟಿ ಹೊರಲು ಆಗದ ಕಾಲ ಬಂದಿತ್ತು, ಕೈಚೀಲದಲ್ಲಿ ನಾಲ್ಕು ಮನೆಗೆ ಮಾತ್ರ ಮೀನು ಕೊಡುತ್ತಿದ್ದರು. ನಮ್ಮ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಾಗ, "ಅಜ್ಜಿ, ಆವತ್ತು ನಿಮ್ಗೆ ಥಂಡಿ ಆಗಿರ್ಲಿಲ್ಲ ಅಲ್ದಾ?" ಎಂದೆ.

ಅವರು ಡಬ್ಬಿ ತೆಗೆದರು, ನಶ್ಯ ಏರಿಸಲಿಲ್ಲ. ಮುಚ್ಚಳ ಹಾಕಿ, ಮತ್ತೆ ತೆಗೆದರು.

"ನನ್ ಮಗನ್ನೂ ದಿನಾ ಬಾಗ್ಲಲ್ಲಿ ನಿಲ್ಸಿ ಮೂಸ್ತಿದ್ದೆ, ತಂಗಿ," ಎಂದರು. "ವಾಸ್ನೆ ಬಂದ್ರೆ ಒಳ್ಗೆ ಬಿಡ್ತಿರ್ಲಿಲ್ಲ. ಆವತ್ತೂ ಬಿಡ್ಲಿಲ್ಲ. ಅಮ್ಮಾ ಬಾಗ್ಲು ತೆಗಿ ಅಂದ, ತೆಗೀಲಿಲ್ಲ. ದೋಣೀಲಿ ಮಲಗ್ತೆ ಅಂದ್ಕಂಡು ದಕ್ಕೆಗೆ ಹೋದ."

ಆಮೇಲೆ ಕೈಚೀಲ ಎತ್ತಿಕೊಂಡು, ಇನ್ನೂ ಎರಡು ಮನೆ ಉಂಟು ಎಂದು ಹೋದರು.